ಬೀಗ ಬಿದ್ದ ವಿಷಯ

ಗದಗಿನಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ, ಕಪ್ಪತಗುಡ್ಡದ ಗಾಳಿಯಂತ್ರಗಳು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಒಂದು ತಾಂತ್ರಿಕ ವಿಶ್ವವಿದ್ಯಾಲಯವಿತ್ತು. ಅಲ್ಲಿ ಕಂಪ್ಯೂಟರ್ ಸೈನ್ಸ್ ಓದಲು ಸೇರಿದವರು ನಾಲ್ಕು ವರ್ಷಗಳಲ್ಲಿ ಯಾವ ಯಾವ ವಿಷಯ ಓದಬೇಕೆಂಬುದನ್ನು ತಾವು ಆರಿಸಿಕೊಳ್ಳುತ್ತಿರಲಿಲ್ಲ. ಅದನ್ನು ‘ಮುನ್ನೋಟ’ ಆರಿಸುತ್ತಿತ್ತು.

ಮುನ್ನೋಟ ಒಂದು ಗಣಕ ವ್ಯವಸ್ಥೆ. ಸೇರಿದ ಮೊದಲ ವಾರ ಪ್ರತಿ ವಿದ್ಯಾರ್ಥಿಯೂ ಅದರ ಮುಂದೆ ಆರು ತಾಸು ಕೂತು ಲೆಕ್ಕ ಬಿಡಿಸಬೇಕು, ಓದಬೇಕು, ಬರೆಯಬೇಕು. ಎಲ್ಲಿ ತಡವರಿಸಿದರು, ಎಲ್ಲಿ ಬೇಸತ್ತರು, ಯಾವ ಸಾಲನ್ನು ಎರಡು ಸಲ ಓದಿದರು ಎಂಬುದನ್ನೆಲ್ಲ ಅದು ಗಮನಿಸುತ್ತಿತ್ತು. ಶಾಲೆಯ ಅಂಕಗಳನ್ನೂ ಸೇರಿಸಿಕೊಂಡು ಆ ವಿದ್ಯಾರ್ಥಿಯ ಒಂದು ಅಂಕಿಗಳ ಪ್ರತಿರೂಪ ಕಟ್ಟುತ್ತಿತ್ತು. ಅದಕ್ಕೆ ಎಲ್ಲರೂ ‘ನೆರಳು’ ಎನ್ನುತ್ತಿದ್ದರು. ಆ ನೆರಳನ್ನು ನಲವತ್ತೆರಡು ವಿಷಯಗಳಲ್ಲಿ ಬೇರೆ ಬೇರೆ ಕ್ರಮದಲ್ಲಿ ಹತ್ತು ಸಾವಿರ ಸಲ ಓಡಿಸಿ, ಯಾವ ದಾರಿಯಲ್ಲಿ ಹೋದರೆ ಎಡವದೆ ಪದವಿ ಮುಟ್ಟಬಹುದೆಂದು ಕಂಡುಹಿಡಿದು ಎಂಟು ಸೆಮಿಸ್ಟರ್‌ಗಳ ಪಟ್ಟಿ ಕೊಡುತ್ತಿತ್ತು. ಪಾಸಾಗುವ ಸಾಧ್ಯತೆ ನೂರಕ್ಕೆ ಮೂವತ್ತಕ್ಕಿಂತ ಕಡಿಮೆ ಇರುವ ವಿಷಯಗಳಿಗೆ ಪಟ್ಟಿಯಲ್ಲಿ ಸಣ್ಣದೊಂದು ಬೀಗದ ಚಿತ್ರ ಇರುತ್ತಿತ್ತು.

ಇದರ ಬಗ್ಗೆ ಯಾರ ದೂರೂ ಇರಲಿಲ್ಲ. ಮುನ್ನೋಟ ಬರುವ ಮುಂಚೆ ಸೇರಿದ ಮೂವರಲ್ಲಿ ಒಬ್ಬರು ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಈಗ ನೂರರಲ್ಲಿ ತೊಂಬತ್ತಾರು ಮಂದಿ ಸಮಯಕ್ಕೆ ಸರಿಯಾಗಿ ಪದವಿ ಪಡೆಯುತ್ತಿದ್ದರು.

ಆ ವ್ಯವಸ್ಥೆಯನ್ನು ಕಟ್ಟಿದ ಮೂವರಲ್ಲಿ ಅನಸೂಯಾ ಕಬ್ಬೂರ ಒಬ್ಬಳು. ಅವಳು ಅಲ್ಲಿಯೇ ಪ್ರಾಧ್ಯಾಪಕಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳ ತರಗತಿಯ ಹುಡುಗನೊಬ್ಬ ನಾಲ್ಕು ವಿಷಯಗಳಲ್ಲಿ ಫೇಲಾಗಿ, ಯಾರಿಗೂ ಹೇಳದೆ ಹಾಸ್ಟೆಲ್ ಖಾಲಿ ಮಾಡಿಕೊಂಡು ಹೋಗಿದ್ದ. ಅವನ ಕೋಣೆಯಲ್ಲಿ ಉಳಿದಿದ್ದ ಪುಸ್ತಕಗಳನ್ನು ಗ್ರಂಥಾಲಯಕ್ಕೆ ಮರಳಿಸಿದವಳು ಅವಳೇ. ಇನ್ನೊಬ್ಬರಿಗೆ ಹಾಗಾಗಬಾರದೆಂದು ಎರಡು ವರ್ಷ ಕೂತು ಮುನ್ನೋಟದ ಕೆಲಸ ಮಾಡಿದ್ದಳು. ಅದರ ಮೇಲೆ ಅವಳಿಗೆ ಪೂರ್ತಿ ನಂಬಿಕೆಯಿತ್ತು.

ಮುನ್ನೋಟ ಬಂದ ಆರನೆಯ ವರ್ಷ, ಮೇ ತಿಂಗಳ ಒಂದು ಮಧ್ಯಾಹ್ನ, ನಾಲ್ಕನೆಯ ಸೆಮಿಸ್ಟರ್‌ನ ವಿದ್ಯಾರ್ಥಿನಿ ಶಮೀಮಾ ನದಾಫ ತನ್ನ ಪಟ್ಟಿ ಹಿಡಿದು ಅವಳ ಕೋಣೆಗೆ ಬಂದಳು.

“ಮೇಡಂ, ಮುಂದಿನ ಸೆಮಿಸ್ಟರಿಗೆ ನನಗ ಕಂಪೈಲರ್ ವಿಷಯ ಬೇಕ್ರಿ.”

ಅನಸೂಯಾ ಪಟ್ಟಿ ನೋಡಿದಳು. ಕಂಪೈಲರ್ ಎದುರಿಗೆ ಬೀಗವಿತ್ತು. ಅದರ ಪಕ್ಕದಲ್ಲಿ ಹನ್ನೊಂದು ಎಂಬ ಅಂಕಿ.

“ಇದು ನಿನ್ನ ದಾರಿ ಅಲ್ಲ ನೋಡವಾ. ನಿನಗ ದತ್ತಾಂಶ ನಿರ್ವಹಣೆ ಕೊಟ್ಟದ. ಛಲೋ ದಾರಿ ಅದು. ಮುಗಿಸಿದವರಿಗೆಲ್ಲ ಕೆಲಸ ಸಿಗ್ತದ.”

“ಅದು ಗೊತ್ತೈತ್ರಿ. ಆದ್ರ ನನಗ ಒಂದು ಸಂಶಯ ಐತಿ. ನಾ ಒಂದು ಪ್ರೋಗ್ರಾಮ್ ಬರಿತೀನಿ. ಯಂತ್ರ ಹೇಳಿದ್ದು ಮಾಡ್ತೈತಿ. ನಾ ಬರಿಯೂ ಭಾಷಿ ಅದಕ್ಕ ಬರಂಗಿಲ್ಲ, ಅದರ ಭಾಷಿ ನನಗ ಬರಂಗಿಲ್ಲ. ಹಂಗಾರ ನಡುವ ಕುಂತಾವ್ರು ಯಾರ್ರೀ? ಎರಡು ವರ್ಷ ಆತು, ಯಾರ್ನ ಕೇಳಿದ್ರೂ ‘ಅದು ಕಂಪೈಲರ್ ಕ್ಲಾಸಿನ್ಯಾಗ ಬರ್ತೈತಿ’ ಅಂತಾರ.”

ಅನಸೂಯಾಗೆ ನಗು ಬಂತು. ಆದರೂ ಹೇಳಬೇಕಾದ್ದನ್ನು ಹೇಳಿದಳು. “ನೂರಕ್ಕ ಹನ್ನೊಂದು ಅಂದ್ರ ನಿನ್ನಂಥಾವ್ರು ನೂರು ಮಂದಿ ಈ ವಿಷಯಕ್ಕ ಕುಂತ್ರ ಹನ್ನೊಂದು ಮಂದಿ ಅಷ್ಟ ಪಾಸಾಗ್ತಾರ. ಒಂದು ವರ್ಷ ಹಾಳಾಗ್ತದ.”

ಶಮೀಮಾ ಪಟ್ಟಿಯ ಮೇಲಿನ ಆ ಅಂಕಿಯನ್ನು ನೋಡಿದಳು. ಆಮೇಲೆ ಜಗಳದ ದನಿಯಲ್ಲಲ್ಲ, ನಿಜವಾಗಿ ತಿಳಿದುಕೊಳ್ಳುವವಳ ಹಾಗೆ ಕೇಳಿದಳು. “ಆ ನನ್ನಂಥಾ ನೂರು ಮಂದಿ ಎಲ್ಲಿ ಅದಾರ್ರೀ ಮೇಡಂ? ಅವರ ಜೋಡಿ ಒಮ್ಮೆ ಮಾತಾಡಬೇಕಿತ್ತು.”

ಅವಳು ಹೋದ ಮೇಲೂ ಅನಸೂಯಾಳನ್ನು ಆ ಪ್ರಶ್ನೆ ಬಿಡಲಿಲ್ಲ. ಆರು ವರ್ಷಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅವಳು ಕೂಡ.

ಮುನ್ನೋಟವಿದ್ದದ್ದು ಆಡಳಿತ ಕಟ್ಟಡದ ನೆಲಮಾಳಿಗೆಯಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದವನು ಸಂಗಮನಾಥ ಹಂಚಿನಾಳ ಎಂಬ ಇಂಜಿನಿಯರ್. ಅಲ್ಲಿಯ ಎಸಿಯ ಚಳಿಗೆ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡಿರುತ್ತಿದ್ದ. ಮರುದಿನ ಬೆಳಿಗ್ಗೆ ಅನಸೂಯಾ ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು.

“ಈ ಹುಡುಗಿಯಂಥಾವ್ರು ಹಿಂದ ಯಾರ‍್ಯಾರು ಕಂಪೈಲರ್ ತಗೊಂಡಾರ, ಅವರನ್ನ ತೋರಿಸ್ರಿ.”

ಅವನು ಹುಡುಕಿಸಿದ. ಏಳು ಹೆಸರುಗಳು ಬಂದವು. ಏಳೂ ಮುನ್ನೋಟ ಬರುವ ಮುಂಚಿನವು. ಏಳರಲ್ಲಿ ನಾಲ್ವರು ಪಾಸಾಗಿದ್ದರು.

“ಏಳರಾಗ ನಾಕು ಅಂದ್ರ ಅರ್ಧಕ್ಕಿಂತ ಹೆಚ್ಚಾತು. ಹನ್ನೊಂದು ಎಲ್ಲಿಂದ ಬಂತು?”

ಸಂಗಮನಾಥ ಹುಬ್ಬು ಗಂಟಿಕ್ಕಿದ. ಇದೇ ಬಗೆಯ ವಿದ್ಯಾರ್ಥಿಗಳಿಗೆ ಕಂಪೈಲರ್ ವಿಷಯದಲ್ಲಿ ಮುನ್ನೋಟ ಹಿಂದಿನ ವರ್ಷಗಳಲ್ಲಿ ಏನು ಹೇಳಿತ್ತೆಂದು ಒಂದೊಂದಾಗಿ ತೆಗೆದ. ಮೊದಲ ವರ್ಷ ನೂರಕ್ಕೆ ನಲವತ್ತಾರು. ಆಗ ಬೀಗ ಇರಲಿಲ್ಲ. ಆದರೂ ಅದಕ್ಕಿಂತ ಸುಲಭದ ದಾರಿ ಇದ್ದುದರಿಂದ ಅದನ್ನು ಇಂಥ ಯಾರ ಪಟ್ಟಿಯಲ್ಲೂ ಹಾಕಿರಲಿಲ್ಲ. ಎರಡನೆಯ ವರ್ಷ ಮೂವತ್ತೆಂಟು. ಮೂರನೆಯ ವರ್ಷ ಇಪ್ಪತ್ತೊಂಬತ್ತು, ಅಲ್ಲಿಂದ ಬೀಗ. ಆಮೇಲೆ ಇಪ್ಪತ್ತೆರಡು, ಹದಿನಾರು, ಹನ್ನೊಂದು.

“ಯಾರೂ ಪರೀಕ್ಷಾಕ್ಕ ಕುಂತೇ ಇಲ್ಲ, ಅಂಕಿ ಮಾತ್ರ ಇಳಕೋತ ಹೊಂಟದ,” ಎಂದ ಸಂಗಮನಾಥ.

ಮಧ್ಯಾಹ್ನದ ಊಟ ಬಿಟ್ಟು ಇಬ್ಬರೂ ಹುಡುಕಿದರು. ಮೂರು ಗಂಟೆಯ ಹೊತ್ತಿಗೆ ಸಿಕ್ಕಿತು. ಮುನ್ನೋಟ ಪ್ರತಿ ವರ್ಷ ಹಿಂದಿನ ವರ್ಷದ ಫಲಿತಾಂಶ ನೋಡಿ ತನ್ನನ್ನು ತಿದ್ದಿಕೊಳ್ಳುತ್ತಿತ್ತು. ಆ ಫಲಿತಾಂಶದ ಕೋಷ್ಟಕವನ್ನು ಓದುವ ಭಾಗದಲ್ಲಿ ಒಂದೇ ಸಾಲಿನ ಆಜ್ಞೆಯಿತ್ತು: ಅಂಕದ ಜಾಗ ಖಾಲಿ ಇದ್ದರೆ ಸೊನ್ನೆ ಎಂದು ತಿಳಿ. ಪರೀಕ್ಷೆಗೆ ಗೈರಾದವರಿಗೆಂದು ಬರೆದ ಸಾಲು ಅದು. ಆದರೆ ವಿಷಯವನ್ನೇ ತೆಗೆದುಕೊಳ್ಳದವರ ಜಾಗವೂ ಖಾಲಿಯೇ ಇರುತ್ತದಲ್ಲ! ಓದದವರನ್ನೆಲ್ಲ ಮುನ್ನೋಟ ಓದಿ ಸೊನ್ನೆ ತೆಗೆದವರೆಂದು ಎಣಿಸುತ್ತ ಬಂದಿತ್ತು. ಅವರ ಸೊನ್ನೆಗಳನ್ನು ನೋಡಿ ಮುಂದಿನ ವರ್ಷ ಅಂಥವರ ಸಾಧ್ಯತೆಯನ್ನು ಇನ್ನಷ್ಟು ಇಳಿಸಿ, ಇನ್ನಷ್ಟು ಮಂದಿಗೆ ಬೀಗ ಹಾಕಿತ್ತು.

“ವರ್ಷಾ ವರ್ಷಾ ತಪಾಸಣೆ ಮಾಡ್ತಿದ್ದೆವಲ್ಲ, ಹೆಂಗ ತಪ್ಪಿತಿದು?”

“ಕುಂತವ್ರು ಪಾಸಾದ್ರಿಲ್ಲೋ ಅಂತ ಅಷ್ಟ ನೋಡಿದ್ವಿ ಮೇಡಂ. ಕುಂದ್ರದವ್ರನ್ನ ನೋಡೂ ಪ್ರಶ್ನೇನ ಬರಲಿಲ್ಲ.”

ಆ ಸಾಲಿನ ಪಕ್ಕದಲ್ಲಿ ಬರೆದವರ ಗುರುತಿತ್ತು. ಅ. ಕ. ಅನಸೂಯಾ ಅದನ್ನು ಬಹಳ ಹೊತ್ತು ನೋಡಿದಳು. ಯಾವ ದಿನ ಬರೆದೆನೆಂಬುದು ಕೂಡ ನೆನಪಿರಲಿಲ್ಲ.

ಆ ಸಾಲನ್ನು ತೆಗೆದು ಮುನ್ನೋಟವನ್ನು ಮತ್ತೆ ಓಡಿಸಿದಾಗ ಇನ್ನೂರ ಹದಿನಾಲ್ಕು ವಿದ್ಯಾರ್ಥಿಗಳ ಪಟ್ಟಿಯಲ್ಲಿ ಬೀಗಗಳು ಹೋದವು. ಆದರೆ ಅವುಗಳ ಜಾಗದಲ್ಲಿ ಒಳ್ಳೆಯ ಅಂಕಿಗಳೇನೂ ಬರಲಿಲ್ಲ. ಲೆಕ್ಕಕ್ಕೆ ಸಿಕ್ಕವರು ಆರು ವರ್ಷಕ್ಕೂ ಹಳೆಯ ಏಳೇ ಮಂದಿಯಾದ್ದರಿಂದ ಶಮೀಮಾಳ ಕಂಪೈಲರ್ ಎದುರಿಗೆ ಒಂದೇ ಶಬ್ದ ಮೂಡಿತು: ತಿಳಿಯದು.

ಡೀನ್ ಇನಾಮದಾರ ನಿವೃತ್ತಿಗೆ ಹತ್ತಿರವಿದ್ದ, ಯಾರ ಮೇಲೂ ದನಿ ಏರಿಸದ ಮನುಷ್ಯ. ಅನಸೂಯಾ ಎಲ್ಲವನ್ನೂ ಹೇಳಿದಳು. ತಪ್ಪು ಬರೆದವಳು ತಾನೇ ಎಂದೂ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ತಿದ್ದಿದ್ರಿ, ಒಳ್ಳೇದಾತು. ಈಗ ಆ ಇನ್ನೂರು ಮಂದಿಗೆ ಏನ್ ಹೇಳೂದು? ಬೀಗ ತಗದೀವಿ, ನಿಮ್ಮ ಪಾಡು ನೀವು ನೋಡ್ಕೋರಿ ಅಂತೇನು? ನಾಳೆ ಅವರಾಗ ಅರ್ಧ ಮಂದಿ ಫೇಲಾದ್ರ? ಮುನ್ನೋಟ ಬರೂ ಮುಂಚಿನ ದಿನಗೋಳು ನೀವೂ ನೋಡೀರಿ, ನಾನೂ ನೋಡೀನಿ.”

“ಎಲ್ಲಾರಿಗೂ ಬ್ಯಾಡ್ರಿ ಸರ್. ಬೇಕಂದವ್ರು ನಲವತ್ತು ಮಂದಿ ತಗೊಳ್ಳಲಿ. ಆರನೇ ವಾರದ ತನಕ ಹಳೇ ಪಟ್ಟಿಗೆ ಮರಳಿ ಹೋಗೂ ಅವಕಾಶ ಇರಲಿ. ಅವರ ಮನೀಗೆ ಹೋಗಿ ನಾನ ತಿಳಿಸಿ ಸಹಿ ತರ್ತೀನಿ. ಕಂಪೈಲರ್ ತರಗತಿ ನಾನ ತಗೋತೀನಿ.”

“ಈ ಪ್ರಯೋಗ ಕೆಟ್ರ ಜವಾಬ್ದಾರಿ ನಿಮ್ಮದಾಗ್ತದ. ಗೊತ್ತದ ಅಲ್ಲ?”

“ಈಗಾಗಲೇ ನಂದೇ ಅದರೀ.”

ಇನಾಮದಾರರು ಕನ್ನಡಕ ಹಾಕಿಕೊಂಡು ಕಾಗದದ ಮೇಲೆ ಸಹಿ ಮಾಡಿದರು.

ಶಮೀಮಾಳ ಮನೆ ಗದಗಿನ ಬೆಟಗೇರಿಯಲ್ಲಿತ್ತು. ಮುಂದಿನ ಭಾಗದಲ್ಲಿ ಅವಳ ತಂದೆ ದಾವಲಸಾಬರ, ಹತ್ತಿ ತುಂಬಿ ಹಾಸಿಗೆ ಮಾಡುವ ಗಾದಿ ಅಂಗಡಿ, ಹಿಂದೆ ಎರಡು ಕೋಣೆ. ಅನಸೂಯಾ ಹೋದಾಗ ಅರಳೆ ಹಿಂಜುವ ಯಂತ್ರ ನಡೆದಿತ್ತು. ದಾವಲಸಾಬರ ತಲೆ, ಹುಬ್ಬು, ಮೀಸೆಯೆಲ್ಲ ಬೆಳ್ಳಗಾಗಿತ್ತು. ಯಂತ್ರ ನಿಲ್ಲಿಸಿ, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, ಹೊಸದಾಗಿ ಹೊಲಿದ ಗಾದಿಯ ಮೇಲೆಯೇ ಅವಳನ್ನು ಕೂರಿಸಿದರು. ತಾಯಿ ಹುಸೇನಬಿ ಗವಸು ಹೊಲಿಯುವುದನ್ನು ಬಿಟ್ಟು ಚಹಾ ತಂದಳು.

ಅನಸೂಯಾ ಏನನ್ನೂ ಮುಚ್ಚಿಡಲಿಲ್ಲ. ಮುನ್ನೋಟ ಹೇಳಿದ್ದೇನು, ಅದು ತಪ್ಪಿದ್ದು ಹೇಗೆ, ಈಗ ಏನಾಗಬಹುದು ಎಂಬುದನ್ನೆಲ್ಲ ಹೇಳಿದಳು.

“ಹಂಗಾರ ಪಾಸಾಗ್ತಾಳೋ, ಇಲ್ಲೋ?” ಹುಸೇನಬಿ ಕೇಳಿದಳು.

“ಗೊತ್ತಿಲ್ಲರೀ.”

“ಆ ಇನ್ನೊಂದು ದಾರಿ ಹಿಡಿದ್ರ?”

“ಅದರಾಗ ಖಂಡಿತ ಪಾಸಾಗ್ತಾಳ.”

ಹುಸೇನಬಿ ಗಂಡನ ಮುಖ ನೋಡಿದಳು. “ಖಂಡಿತ ಇದ್ದದ್ದು ಬಿಟ್ಟು ಗೊತ್ತಿಲ್ಲದ್ದಕ್ಕ ಯಾಕ ಹೋಗಬೇಕು? ಅಕಿ ಅಕ್ಕನ ಓದು ಹತ್ತನೇ ಇಯತ್ತೆಗೆ ನಿಂತೈತಿ. ಇಕಿದಾದ್ರೂ ಮುಗೀಲಿ.”

ದಾವಲಸಾಬರು ಮಗಳ ಕಡೆ ತಿರುಗಿದರು. “ನಿನಗೇನು ಬೇಕವಾ?”

“ಅಪ್ಪಾ, ನಾ ಅದನ್ನ ಓದಬೇಕು. ಫೇಲಾದ್ರ ಮತ್ತ ಬರಿತೀನಿ. ಆದ್ರ ಓದದ ಬಿಟ್ರ ಅದು ಹಂಗ ಉಳಿತೈತಿ.”

ಅವರು ಕೈಗೆ ಅಂಟಿದ್ದ ಅರಳೆಯನ್ನು ಬೆರಳಲ್ಲಿ ಉರುಳಿಸುತ್ತ ಯೋಚಿಸಿದರು. ಆಮೇಲೆ ಅನಸೂಯಾಗೆ ಹೇಳಿದರು. “ಯಂತ್ರಾನೂ ಗೊತ್ತಿಲ್ಲ ಅಂತೈತಿ, ನೀವೂ ಗೊತ್ತಿಲ್ಲ ಅಂತೀರಿ. ನಮ್ಮ ಮನ್ಯಾಗ ಮುಂದಿಂದು ಯಾವಾಗ ಗೊತ್ತಿತ್ರೀ? ಹಂಗ ನಡಕೊಂಡು ಬಂದೀವಿ. ನೀವು ಗೊತ್ತಿಲ್ಲ ಅಂತ ಖರೇ ಹೇಳಿದ್ರಿ ನೋಡ್ರಿ, ಅದಕ್ಕ ಸಹಿ ಮಾಡ್ತೀನಿ.”

ಹುಸೇನಬಿ ಖಾಲಿ ಕಪ್ಪುಗಳನ್ನು ತೆಗೆದುಕೊಂಡು ಒಳಗೆ ಹೋದಳು.

ಆಗಸ್ಟ್‌ನಲ್ಲಿ ತರಗತಿ ಶುರುವಾಯಿತು. ನಲವತ್ತು ಮಂದಿಯೂ ತಮಗೆ ಮುಚ್ಚಿದ್ದ ಬೇರೆ ಬೇರೆ ವಿಷಯಗಳನ್ನು ಆರಿಸಿಕೊಂಡಿದ್ದರು. ಕಂಪೈಲರ್‌ಗೆ ಬಂದವರು ಹನ್ನೆರಡು ಮಂದಿ. ಶಮೀಮಾಳ ಪಕ್ಕ ಕೂರುತ್ತಿದ್ದವನು ರೋಣದ ಗುರುಶಾಂತ.

ಐದನೆಯ ವಾರ ಮೊದಲ ಕಿರುಪರೀಕ್ಷೆ. ಶಮೀಮಾಗೆ ಐವತ್ತಕ್ಕೆ ಒಂಬತ್ತು ಬಂತು. ಗುರುಶಾಂತನಿಗೆ ಹನ್ನೆರಡು.

ಮರುದಿನ ಅವಳು ಮರಳಿ ಹೋಗುವ ಅರ್ಜಿ ತುಂಬಿಕೊಂಡು ಬಂದಳು. ಕಣ್ಣುಗಳು ಕೆಂಪಾಗಿದ್ದವು. “ಮುನ್ನೋಟ ಮೊದಲ ಹೇಳಿದ್ದ ಖರೇ ಇತ್ರಿ ಮೇಡಂ.”

ಅನಸೂಯಾ ಅರ್ಜಿ ಇಸಿದುಕೊಳ್ಳಲಿಲ್ಲ, ಬೇಡವೆನ್ನಲೂ ಇಲ್ಲ. ಉತ್ತರ ಪತ್ರಿಕೆ ತೆಗೆದು ಅವಳ ಮುಂದಿಟ್ಟು, ಮೊದಲ ಪ್ರಶ್ನೆಯನ್ನು ಬಾಯಲ್ಲಿ ಹೇಳು ಎಂದಳು. ಶಮೀಮಾ ಪುಸ್ತಕದ ಇಂಗ್ಲಿಷ್ ವಾಕ್ಯಗಳನ್ನು ಗಟಗಟ ಹೇಳಿದಳು. ಒಂದು ಅಕ್ಷರ ತಪ್ಪಿರಲಿಲ್ಲ.

“ಇದನ್ನ ನಿಮ್ಮ ಅಪ್ಪಗ ಹೇಳಬೇಕಾದ್ರ ಹೆಂಗ ಹೇಳ್ತಿ?”

ಶಮೀಮಾ ತನ್ನ ಮಾತಿನಲ್ಲಿ ಹೇಳಲು ಹೊರಟು ಮೊದಲ ಶಬ್ದಕ್ಕೇ ತಡವರಿಸಿದಳು. ತನಗೆ ಏನು ತಿಳಿದಿಲ್ಲ ಎಂಬುದು ಅವಳಿಗೆ ಮೊದಲ ಸಲ ಸ್ಪಷ್ಟವಾಗಿ ಕಂಡಿತು.

“ಪುಸ್ತಕ ಬದಿಗಿಡು. ನಿನಗ ತಿಳಿಯೂವಂಥಾ ಒಂದು ಸಣ್ಣ ಭಾಷಾ ನೀನ ಮಾಡು. ಕೂಡಿಸೂದು, ಗುಣಿಸೂದು ಅಷ್ಟ ಇರಲಿ. ಅದನ್ನ ಯಂತ್ರಕ್ಕ ತಿಳಿಯೂಹಂಗ ಮಾಡಿ ತೋರಿಸು. ಇನ್ನೂ ಆರು ದಿನ ಅದಾವ. ಆಗದಿದ್ರ ಅರ್ಜಿ ನಾನ ಒಯ್ದು ಕೊಡ್ತೀನಿ.”

ಶಮೀಮಾ ತನ್ನ ಭಾಷೆಗೆ ಎರಡೇ ಕ್ರಿಯಾಪದಗಳನ್ನಿಟ್ಟುಕೊಂಡಳು: ಕೂಡಿಸು, ಗುಣಿಸು. ಶಬ್ದಗಳನ್ನು ಬಿಡಿಸಿ ಗುರುತಿಸುವ ಭಾಗ ಎರಡು ದಿನಕ್ಕೆ ಮುಗಿಯಿತು. ಮೂರನೆಯ ದಿನ ‘ಎರಡು ಕೂಡಿಸು ಮೂರು ಗುಣಿಸು ನಾಲ್ಕು’ ಎಂದು ಬರೆದು ಓಡಿಸಿದಳು. ಹದಿನಾಲ್ಕು ಬರಬೇಕಿತ್ತು, ಇಪ್ಪತ್ತು ಬಂತು. ಏನು ಮಾಡಿದರೂ ಇಪ್ಪತ್ತೇ.

ಭಾನುವಾರ ಬೆಳಿಗ್ಗೆ ಮನೆಯ ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಗೊಣಗುತ್ತಿದ್ದಳು. ದಾವಲಸಾಬರು ಏನಾಯಿತೆಂದು ಕೇಳಿದರು. ಅವಳು ಹೇಳಿದಳು.

“ಮೂರ ನಾಕಲೆ ಹನ್ನೆರಡು, ಅದಕ್ಕ ಎರಡು ಕೂಡಿಸಿದ್ರ ಹದಿನಾಕು. ಸರಿ ಐತಲ್ಲ,” ಎಂದರು ಅವರು.

“ನಿಮಗ ಗುಣಾಕಾರ ಮೊದಲ ಮಾಡಬೇಕಂತ ಗೊತ್ತೈತಿ. ಯಂತ್ರ ಎಡಗಡಿಂದ ಮಾಡ್ಕೋತ ಹೋಗ್ತೈತಿ.”

“ಯಾವುದು ಮೊದಲು, ಯಾವುದು ಆಮ್ಯಾಲ ಅಂತ ಅದಕ್ಕ ಯಾರರ ಹೇಳ್ಯಾರೇನು? ಹೊಸಾ ಆಳು ಬಂದ್ರ ನಾವ ಹೇಳಬೇಕಾಗ್ತೈತಿ, ಮೊದಲ ಅರಳಿ ಹಿಂಜು, ಆಮ್ಯಾಲ ತುಂಬು ಅಂತ. ಹೇಳದಿದ್ರ ಗಂಟು ಗಂಟು ಇದ್ದದ್ದನ್ನ ಹಂಗ ತುಂಬ್ತಾನ.”

ಕೀಲಿಮಣೆಯ ಮೇಲಿದ್ದ ಶಮೀಮಾಳ ಬೆರಳುಗಳು ನಿಂತವು. ಪುಸ್ತಕದಲ್ಲಿ ನಾಲ್ಕು ಪುಟಗಳಷ್ಟು ಇದ್ದ ವ್ಯಾಕರಣದ ನಿಯಮಗಳು ಏನು ಮಾಡುತ್ತಿದ್ದವೆಂದು ಅವಳಿಗೆ ಆಗ ಹೊಳೆಯಿತು. ಯಾವುದು ಯಾವುದರ ಒಳಗೆ ಮೊದಲು ಮುಗಿಯಬೇಕೆಂದು ಅವು ಹೇಳುತ್ತಿದ್ದವು, ಅಷ್ಟೇ. ಅವಳು ಗಾದಿ ಬಟ್ಟೆಯ ಅಳತೆ ಬರೆಯುವ ಸೀಮೆಸುಣ್ಣ ತೆಗೆದುಕೊಂಡು ಅಂಗಡಿಯ ಕಡಪಾ ಕಲ್ಲಿನ ನೆಲದ ಮೇಲೆ ಕೊಂಬೆ ಕೊಂಬೆಯಾಗಿ ಗಿಡದಂಥ ಚಿತ್ರ ಬರೆದಳು. ಮೇಲೆ ಕೂಡಿಸು, ಅದರ ಒಂದು ಕೊಂಬೆಯಲ್ಲಿ ಎರಡು, ಇನ್ನೊಂದು ಕೊಂಬೆಯಲ್ಲಿ ಗುಣಿಸು, ಅದರ ಕೆಳಗೆ ಮೂರು ಮತ್ತು ನಾಲ್ಕು. ಕೆಳಗಿನದು ಮೊದಲು ಮುಗಿಯದೆ ಮೇಲಿನದು ಆಗುವ ಹಾಗೇ ಇಲ್ಲ.

ಹುಸೇನಬಿ ಕಸಬರಿಗೆ ಹಿಡಿದು ಬಂದವಳು ಕಲ್ಲಿನ ಮೇಲಿನ ಚಿತ್ರ ನೋಡಿ ನಿಂತಳು. “ಅಳಿಸಲ್ಯಾ?”

“ಬ್ಯಾಡಮ್ಮಾ, ಸಂಜೀತನಕ ಇರಲಿ.”

ಅವಳು ಚಿತ್ರವನ್ನು ಬಿಟ್ಟು ಸುತ್ತಲೂ ಗುಡಿಸಿದಳು. ನಡುಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಹದಿನಾಲ್ಕು ಬಂತು.

ಸೋಮವಾರ ಶಮೀಮಾ ಅರ್ಜಿಯನ್ನು ಹರಿದು ಹಾಕಿದಳು. ಅಂದಿನಿಂದ ಅನಸೂಯಾ ಕಲಿಸುವ ಕ್ರಮವೂ ಬದಲಾಯಿತು. ಹನ್ನೆರಡು ಮಂದಿಯೂ ಒಂದೊಂದು ಸಣ್ಣ ಭಾಷೆ ಕಟ್ಟಬೇಕು, ಪುಸ್ತಕ ಆಮೇಲೆ. ದಿನಾ ಸಂಜೆ ನಾಲ್ಕರಿಂದ ಐದರವರೆಗೆ ಅವಳು ಅವರ ಜೊತೆ ಕೂರುತ್ತಿದ್ದಳು. ಸಂಗಮನಾಥನೂ ನೆಲಮಾಳಿಗೆಯಿಂದ ಮೇಲೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ತಪ್ಪು ಹುಡುಕಿಕೊಡುತ್ತಿದ್ದ.

ಡಿಸೆಂಬರ್‌ನಲ್ಲಿ ಫಲಿತಾಂಶ ಬಂತು. ನಲವತ್ತರಲ್ಲಿ ಇಪ್ಪತ್ತೇಳು ಮಂದಿ ಪಾಸು. ಕಂಪೈಲರ್‌ನ ಹನ್ನೆರಡರಲ್ಲಿ ಎಂಟು. ಶಮೀಮಾಗೆ ನೂರಕ್ಕೆ ಐವತ್ತೆರಡು ಬಂದಿತ್ತು. ದೊಡ್ಡ ಅಂಕವೇನಲ್ಲ. ಆದರೂ ಅವಳು ಪಟ್ಟಿಯ ಮುಂದೆ ನಿಂತು ಆ ಅಂಕಿಯನ್ನು ಮೂರು ಸಲ ಓದಿದಳು.

ಗುರುಶಾಂತ ಫೇಲಾಗಿದ್ದ. ಅನಸೂಯಾ ಕೂಡಲೇ ಅವನ ಹಾಸ್ಟೆಲ್ ಕೋಣೆಗೆ ಹೋದಳು. ಅವನು ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದ. ಬಾಗಿಲಲ್ಲೇ ನಿಂತು ಕೇಳಿದಳು. “ಊರಿಗೆ ಹೊಂಟೀಯೇನು?”

“ಹೌದ್ರಿ, ರಜಾ ಐತಲ್ರೀ.” ಅವಳ ಮುಖ ನೋಡಿ ಅವನಿಗೆ ಅರ್ಥವಾಯಿತು. “ಬಿಟ್ಟು ಹೊಂಟಿಲ್ರೀ ಮೇಡಂ. ಜನವರಿಗೆ ಬರ್ತೀನಿ. ನನ್ನ ಭಾಷಾದಾಗ ‘ಇದ್ದರೆ’ ಅನ್ನೂದು ಇನ್ನೂ ನಡೀವಲ್ದು. ಅದನ್ನ ಸರಿ ಮಾಡೇ ಪರೀಕ್ಷಾಕ್ಕ ಕುಂದರ್ತೀನಿ.” ಮೇಜಿನ ಮೇಲೆ ಅವನ ಪುಸ್ತಕಗಳು ಜೋಡಿಸಿಟ್ಟಂತೆಯೇ ಇದ್ದವು.

ನಲವತ್ತರಲ್ಲಿ ಫೇಲಾಗಿದ್ದ ಉಳಿದ ಹನ್ನೆರಡು ಮಂದಿಯನ್ನೂ ಅನಸೂಯಾ ಅದೇ ವಾರ ಕಂಡಳು. ಇಬ್ಬರು ಹಳೆಯ ಪಟ್ಟಿಗೆ ಮರಳುತ್ತೇವೆಂದರು. ಒಬ್ಬಳು ಅವಳ ಮೇಲೆ ಸಿಟ್ಟಾದಳು, ಅನಸೂಯಾ ಕೇಳಿಸಿಕೊಂಡಳು. ಮಿಕ್ಕವರು ಮತ್ತೊಮ್ಮೆ ಬರೆಯುವುದಾಗಿ ಹೇಳಿದರು.

ಜನವರಿಯ ಸಭೆಯಲ್ಲಿ ಇನಾಮದಾರರು ವರದಿಯನ್ನು ಕೊನೆಯವರೆಗೂ ಓದಿದರು. ಮುನ್ನೋಟ ಇರಲಿ, ಆದರೆ ಬೀಗ ಬೇಡವೆಂದು ತೀರ್ಮಾನವಾಯಿತು. ಸಾಧ್ಯತೆಯ ಅಂಕಿಯ ಪಕ್ಕದಲ್ಲಿ ಅದು ಎಷ್ಟು ಮಂದಿಯನ್ನು ನೋಡಿ ಹೇಳಿದ ಅಂಕಿ ಎಂಬುದನ್ನೂ ಬರೆಯಬೇಕು. ಕಷ್ಟದ ವಿಷಯ ಆರಿಸಿಕೊಂಡವರಿಗೆ ಸಂಜೆಯ ತಾಸು ಕಡ್ಡಾಯವಾಗಿ ಸಿಗಬೇಕು. ಪಟ್ಟಿ ಕೊಡುವ ಮೊದಲು ಅಧ್ಯಾಪಕರೊಬ್ಬರು ಪ್ರತಿ ವಿದ್ಯಾರ್ಥಿಯ ಎದುರಿಗೆ ಕೂತು, ನಿನಗೆ ಏನು ಕಲಿಯಬೇಕೆಂದಿದೆ ಎಂದು ಕೇಳಬೇಕು. ಆ ವರ್ಷ ಹಾಗೆ ಕೇಳಿದಾಗ ಬಹಳ ಮಂದಿ ಉತ್ತರ ಹೇಳಲು ತಿಳಿಯದೆ ನಕ್ಕರು. ಮರುದಿನ ಬರುತ್ತೇವೆಂದು ಎದ್ದು ಹೋದವರಲ್ಲಿ ಹೆಚ್ಚಿನವರು ಉತ್ತರ ಹೊತ್ತು ಬಂದರು.

ಮಾರ್ಚ್‌ನಲ್ಲಿ ವಿಭಾಗದ ಪ್ರದರ್ಶನವಿತ್ತು. ದಾವಲಸಾಬರು ಮತ್ತು ಹುಸೇನಬಿ ಮೊದಲ ಸಲ ವಿಶ್ವವಿದ್ಯಾಲಯಕ್ಕೆ ಬಂದರು. ದಾವಲಸಾಬರು ಬಿಳಿ ಅಂಗಿ ಹಾಕಿ, ಮೀಸೆಯಲ್ಲಿ ಒಂದು ಎಳೆ ಅರಳೆಯೂ ಇಲ್ಲದ ಹಾಗೆ ತೊಳೆದುಕೊಂಡಿದ್ದರು. ಶಮೀಮಾಳ ಭಾಷೆ ಈಗ ದೊಡ್ಡದಾಗಿತ್ತು. ಅದರಲ್ಲಿ ಕಳೆಯಬಹುದಿತ್ತು, ಭಾಗಿಸಬಹುದಿತ್ತು, ಒಂದೇ ಕೆಲಸವನ್ನು ಹತ್ತು ಸಲ ಮಾಡಿಸಬಹುದಿತ್ತು. ಅವಳು ತಂದೆಯನ್ನು ಕೀಲಿಮಣೆಯ ಮುಂದೆ ಕೂರಿಸಿದಳು.

“ಏನ್ ಬೇಕಾದ್ದು ಬರೀರಿ ಅಪ್ಪಾ.”

ಅವರು ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕುತ್ತ, ತಮಗೆ ಅಭ್ಯಾಸವಿದ್ದ ಅಳತೆಯನ್ನೇ ಬರೆದರು: ಮೂರೂವರೆ ಗುಣಿಸು ಆರು.

ಯಂತ್ರ ಸುಮ್ಮನೆ ನಿಂತಿತು. ಶಮೀಮಾ ಪೂರ್ಣ ಅಂಕಿಗಳನ್ನಷ್ಟೇ ಹೇಳಿಕೊಟ್ಟಿದ್ದಳು.

“ಅಯ್ಯ, ಇದು ಬರಂಗಿಲ್ಲ ಅದಕ್ಕ,” ಎಂದು ಹುಸೇನಬಿ ಪೇಚಾಡಿದಳು.

“ಮೂರೂವರೆ ಫೂಟಿನ ಗಾದೀನ ಹೆಚ್ಚು ಹೋಗೂದು. ಬರೇ ಪೂರ್ಣ ಅಂಕಿ ಇಟಗೊಂಡ್ರ ನಮ್ಮ ಅಂಗಡಿ ನಡೀತೈತೇನು?” ಎಂದರು ದಾವಲಸಾಬರು.

ಶಮೀಮಾ ಗಟ್ಟಿಯಾಗಿ ನಕ್ಕಳು. “ತಡೀರಿ, ಹೇಳಿಕೊಡ್ತೀನಿ,” ಎಂದು ತಂದೆಯನ್ನು ಪಕ್ಕದ ಕುರ್ಚಿಗೆ ಸರಿಸಿ ತಾನು ಕೂತಳು. ಪ್ರದರ್ಶನ ನೋಡಲು ಬಂದವರು ಮುಂದೆ ಹೋದರು. ಗುರುಶಾಂತ ಒಂದು ಕಡೆ, ಅನಸೂಯಾ ಇನ್ನೊಂದು ಕಡೆ ನಿಂತು ಪರದೆಗೆ ಬಗ್ಗಿದರು. ಹುಸೇನಬಿ ಊರಿಗೆ ಹೋಗುವ ಬಸ್ಸಿನ ಹೊತ್ತು ಒಮ್ಮೆ ನೆನಪಿಸಿದಳು. ಎರಡನೆಯ ಸಲ ನೆನಪಿಸಲಿಲ್ಲ. ಮಗಳು ಏನು ಬರೆಯುತ್ತಾಳೆಂದು ತಾನೂ ನೋಡುತ್ತ ನಿಂತಳು.

ಸಂಜೆ ಐದೂವರೆಗೆ ಪರದೆಯ ಮೇಲೆ ಇಪ್ಪತ್ತೊಂದು ಮೂಡಿತು. ದಾವಲಸಾಬರು ತುಟಿಯಲ್ಲೇ ಲೆಕ್ಕ ಹಾಕಿ ತಾಳೆ ನೋಡಿದರು.

“ಬರೋಬ್ಬರಿ ಐತಿ,” ಎಂದರು. ಆಮೇಲೆ ಕುರ್ಚಿಯನ್ನು ಕೀಲಿಮಣೆಯ ಹತ್ತಿರ ಎಳೆದುಕೊಂಡು ಮತ್ತೊಂದು ಅಳತೆ ಬರೆಯತೊಡಗಿದರು.